ಶಿಲಾನ್ ಅಕ್ಕನ ಬರಿಗಾಲು

ನಿಯೆ ಶಿಲಾನ್ ಎಂದರೆ ನಮ್ಮ ಊರಿನಲ್ಲಿ ಯಾರೂ ಮೊದಲು ಅವಳ ಮುಖ ನೆನೆಸಿಕೊಳ್ಳುವುದಿಲ್ಲ, ಕಾಲು ನೆನೆಸಿಕೊಳ್ಳುತ್ತಾರೆ. ಅಗಲವಾದ ಪಾದ, ಒಂದೊಂದು ಬೆರಳು ಒಂದೊಂದು ದಿಕ್ಕಿಗೆ. ಆ ಕಾಲಿಗೆ ಹಿಡಿಸುವ ಚಪ್ಪಲಿ ಇಡೀ ಪೇಟೆಯಲ್ಲಿ ಸಿಗುವುದಿಲ್ಲವೆಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ನಾನು ಅವಳ ಕಥೆ ಬರೆಯಲು ಕೂತಿರುವುದು ಹೊಗಳುವುದಕ್ಕಲ್ಲ. ಬೈಯುವುದಕ್ಕೂ ಅಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಮ್ಮದು ನದಿಗಿಂತ ತಗ್ಗಿನಲ್ಲಿರುವ ಊರು. ಸುತ್ತ ಮಣ್ಣಿನ ಏರಿ, ಒಳಗೆ ಸಾವಿರದ ನೂರು ಮನೆ, ಭತ್ತದ ಗದ್ದೆ, ತಾವರೆ ಕೊಳ, ಬಾತುಕೋಳಿ. ಇಲ್ಲಿ ವಯಸ್ಸು ಲೆಕ್ಕ ಹಾಕುವುದು ನೀರಿನಿಂದ, ನೆರೆ ಬಂದ ವರ್ಷಗಳಿಂದ. ನನ್ನ ಅತ್ತೆ ಐವತ್ನಾಲ್ಕರ ನೀರಿಗೆ ಮೊದಲು ಹುಟ್ಟಿದವಳು, ನನ್ನ ಮಗ ತೊಂಬತ್ತಾರರ ನೀರು ಇಳಿದ ಮೇಲೆ ಹುಟ್ಟಿದವನು. ನಾನು ಬೆಟ್ಟದ ಕಡೆಯವಳು. ಮದುವೆಯಾಗಿ ಬಂದ ಮೊದಲ ವರ್ಷ, ಜುಲೈ ತಿಂಗಳಲ್ಲಿ, ಏರಿಯ ಆಚೆ, ನಮ್ಮ ಸೂರಿಗಿಂತ ಎತ್ತರದಲ್ಲಿ ಒಂದು ದೋಣಿ ಹೋಗುವುದನ್ನು ಅಂಗಳದಲ್ಲಿ ನಿಂತು ನೋಡಿದೆ. ಮೂರು ದಿನ ಅನ್ನ ಇಳಿಯಲಿಲ್ಲ. ಈಗ ಊಟವೇನೋ ಮಾಡುತ್ತೇನೆ, ಹೆದರಿಕೆ ಮಾತ್ರ ಹೋಗಿಲ್ಲ.

ತೊಂಬತ್ತಾರರಲ್ಲಿ ಕೊಳದ ತಿರುವಿನ ಹತ್ತಿರ ಏರಿ ಒಡೆಯಿತು. ಶಿಲಾನ್ ಅಕ್ಕ ಹನ್ನೊಂದು ವರ್ಷದ ಮಗಳನ್ನು ಬೆನ್ನಿಗೆ ಹಾಕಿಕೊಂಡು ಓಡಿದಳು. ಎದೆಮಟ್ಟ ನೀರಿನಲ್ಲಿ ಮಗಳ ಹಿಡಿತ ಜಾರಿತು. ಮೂರನೆಯ ದಿನ ಹುಡುಗಿ ಹಿಪ್ಪುನೇರಳೆ ಗಿಡಗಳ ನಡುವೆ ಸಿಕ್ಕಳು. ಇಷ್ಟನ್ನು ನಾನು ಬೇರೆಯವರ ಬಾಯಿಂದ ಕೇಳಿದ್ದು. ಶಿಲಾನ್ ಅಕ್ಕ ಒಂದು ದಿನವೂ ಅದರ ಮಾತೆತ್ತಿದವಳಲ್ಲ. ಅವಳು ಮಾಡಿದ್ದು ಇಷ್ಟೇ: ಮಾರನೆಯ ವರ್ಷದಿಂದ ನೀರು ಏರಿದಾಗಲೆಲ್ಲ ಚಪ್ಪಲಿ ಬಿಟ್ಟು ಏರಿಯ ಬುಡ ಸುತ್ತಲು ಶುರು ಮಾಡಿದಳು.

ಏರಿ ಕಾಯುವುದರಲ್ಲಿ ಒಂದು ಗುಟ್ಟಿದೆ. ಮಳೆ ಬಿದ್ದ ಹುಲ್ಲಿನಲ್ಲಿ ಎಲ್ಲ ಕಡೆಯೂ ನೀರು ನಿಂತಿರುತ್ತದೆ, ಕಣ್ಣಿಗೆ ಎಲ್ಲ ಒಂದೇ. ಆದರೆ ಮಳೆಯ ನೀರು ಬೆಚ್ಚಗಿರುತ್ತದೆ. ನದಿಯ ತಳದಿಂದ ಮಣ್ಣೊಳಗೆ ತೂತು ಕೊರೆದುಕೊಂಡು ಬಂದ ನೀರು ತಣ್ಣಗೆ ಕೊರೆಯುತ್ತದೆ. ಅದನ್ನು ಹೇಳುವುದು ಬರಿಗಾಲು ಮಾತ್ರ. ತೊಂಬತ್ತೆಂಟರಲ್ಲಿ ಶಿಲಾನ್ ಅಕ್ಕ ಒಂದು ಕಡೆ ನಿಂತು, "ಈ ನೀರು ಆಕಾಶದ್ದಲ್ಲ" ಎಂದಳು. ಗಂಡಸರು ನಕ್ಕರು. ಅವಳು ಗುದ್ದಲಿ ಕಿತ್ತುಕೊಂಡು ತಾನೇ ಅಗೆದಳು, ನೆಲದೊಳಗಿಂದ ನೀರಿನ ಊಟೆ ಎದ್ದಿತು. ನಾನೂರು ಜನ ಸೇರಿ ಏರಿ ಉಳಿಸಿಕೊಂಡರು. ಅಂದಿನಿಂದ ಅವಳ ಕಾಲೇ ಊರಿನ ಧೈರ್ಯ. ಬೆಚ್ಚಗಿದೆ ಎಂದರೆ ಜನ ಬಾಗಿಲು ಹಾಕಿಕೊಂಡು ನಿದ್ದೆ ಹೋಗುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಬೇರೆ ಒಬ್ಬರೂ ಬೂಟು ಬಿಚ್ಚಲಿಲ್ಲ, ಆ ವಿದ್ಯೆ ಕಲಿಯಲಿಲ್ಲ. ಶಿಲಾನ್ ಇದ್ದಾಳಲ್ಲ, ನಮಗೇಕೆ ಜಿಗಣೆ ಕಚ್ಚಿಸಿಕೊಳ್ಳುವ ಉಸಾಬರಿ ಎಂದು. ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ. ಆ ದಡ್ಡರಲ್ಲಿ ನಾನೂ ಒಬ್ಬಳು.

ಇಪ್ಪತ್ತೈದನೆಯ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಅವಳ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದೆವು. ಚಳಿಗೆ ಕೆಂಡದ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಮಂಡಿಯ ಮೇಲೆ ರಜಾಯಿ ಹೊದ್ದುಕೊಂಡು, ಎಳ್ಳು ಶುಂಠಿಯ ಟೀ ಕುಡಿಯುತ್ತ. ಏನೋ ಸೀದ ವಾಸನೆ ಬಂತು. ಒಲೆಯ ಮೇಲೆ ಏನೂ ಇರಲಿಲ್ಲ.

"ಅಕ್ಕಾ, ಏನೋ ಸೀಯ್ತಾ ಐತೆ."

"ಎಲೆ ಹಾಕೇ. ಸೋಲೋ ಹೊತ್ತಿಗೆ ನಿಂಗೆ ಮೂಗು ಚುರುಕಾಗುತ್ತೆ."

ರಜಾಯಿ ಎತ್ತಿ ನೋಡಿದೆ. ಅವಳ ಕಾಲುಚೀಲ ಸುಟ್ಟು ಹಿಮ್ಮಡಿಗೆ ಅಂಟಿಕೊಂಡಿತ್ತು. ಚರ್ಮ ಬೊಕ್ಕೆ ಎದ್ದಿತ್ತು. ನನ್ನ ಕೈಯಿಂದ ಎಲೆಗಳು ಬಿದ್ದುಹೋದವು. ಅವಳು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದಳು.

"ಎಷ್ಟು ದಿನದಿಂದ ಹಿಂಗೆ?" ಎಂದೆ.

"ಮೂರನೇ ವರ್ಷ. ಸಕ್ಕರೆ ಕಾಯಿಲೆ ಅಂತೆ. ಡಾಕ್ಟ್ರು ಸೂಜಿ ಚುಚ್ಚಿ ಚುಚ್ಚಿ ನೋಡಿದ್ರು. ನಾನು ಗೋಡೆ ಮೇಲಿದ್ದ ಹಲ್ಲಿ ನೋಡ್ಕೊಂಡು ಕೂತಿದ್ದೆ."

"ಮತ್ತೆ ಏರಿ ಹತ್ರ? ಮೂರು ವರ್ಷದಿಂದ ಬೆಚ್ಚಗೈತೆ ಬೆಚ್ಚಗೈತೆ ಅಂತ ಕೂಗ್ತಾ ಇದ್ದೀಯಲ್ಲಾ!"

"ಏರಿ ಗಟ್ಟಿಯಾಗೈತೆ ಕಣೇ. ಸರ್ಕಾರ ಕಲ್ಲು ಕಟ್ಟಿಸೈತೆ." ಆಮೇಲೆ ದನಿ ತಗ್ಗಿಸಿದಳು. "ನಾನು ಹಂಗಂದ್ರೆ ಜನ ಕಣ್ಣು ಮುಚ್ತಾರೆ, ಸೂಪಿಂಗ್. ಇಲ್ಲ ಅಂದ್ರೆ ಯಾರು ತಾನೆ ಮಲಗ್ತಾರೆ? ನೀನು ಮಲಗ್ತೀಯಾ?"

ನಾನು ಅವತ್ತೇ ಹೇಳಬಹುದಿತ್ತು. ಊರಿನ ಕಚೇರಿ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಹೇಳಲಿಲ್ಲ. ಸುಟ್ಟ ಹಿಮ್ಮಡಿಗೆ ಔಷಧ ಹಚ್ಚಿ, ಬಟ್ಟೆ ಕಟ್ಟಿ, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಅವಳ ಮೇಲಿನ ಪ್ರೀತಿಗೆ ಸುಮ್ಮನಿದ್ದೆ ಎಂದು ಎಷ್ಟೋ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಸುಳ್ಳು. ಆ ಮಾತು ನನ್ನ ಬಾಯಿಂದ ಹೊರಬಿದ್ದರೆ ಏರಿಯ ಆಚೆ ನಿಂತಿರುವ ಅಷ್ಟೂ ನೀರು ನಿಜವಾಗಿಬಿಡುತ್ತದೆ ಎಂಬ ಭಯ ಅದು.

ಜುಲೈ ಬಂತು. ಆರು ದಿನ ಬಿಡದೆ ಮಳೆ. ಅಪಾಯದ ಗುರುತು ದಾಟಿ ನದಿ ಏರುತ್ತಲೇ ಇತ್ತು. ಆರನೆಯ ದಿನ ಬೆಳಿಗ್ಗೆ ಮುದುಕರು, ಬಸುರಿಯರು, ಬಾಣಂತಿಯರನ್ನು ಪೇಟೆಗೆ ಸಾಗಿಸಲು ಬಸ್ಸು ಬಂತು. ನನ್ನ ಸೊಸೆಗೆ ಹೆರಿಗೆಯಾಗಿ ಒಂಬತ್ತು ದಿನವಾಗಿತ್ತು. ತಿಂಗಳು ತುಂಬುವವರೆಗೆ ಬಾಣಂತಿಗೆ ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು. ಊರಿನ ಕಾರ್ಯದರ್ಶಿ ಲಿಯಾವ್ ಮಳೆ ಅಂಗಿ ತೊಟ್ಟು ನಮ್ಮ ಹೊಸ್ತಿಲಲ್ಲಿ ನಿಂತ. ಐವತ್ತರ ಗಂಡಸು, ನಿದ್ದೆಗೆಟ್ಟು ಕಣ್ಣು ಕೆಂಪಗಾಗಿತ್ತು.

"ಸೊಸೆನ ಕಳಿಸ್ತೀರಾ ಹೆಂಗೆ? ಬೇಗ ಹೇಳಿ."

"ಶಿಲಾನಕ್ಕ ಏನಂತಾಳೆ?" ಎಂದ ನನ್ನ ಗಂಡ.

"ಬೆಚ್ಚಗೈತೆ ಅಂದವ್ರೆ."

"ಹಂಗಾದ್ರೆ ಹಸಿ ಬಾಣಂತಿನ ಯಾಕೆ ಮಳೇಲಿ ನೆನೆಸ್ಬೇಕು?" ಎಂದು ಗಂಡ ನನ್ನ ಕಡೆ ತಿರುಗಿದ. "ನೀನೇನಂತೀಯಾ?"

ನಾನು ಶುಂಠಿ ಹಾಕಿದ ಕೋಳಿಸಾರು ಕುದಿಸುತ್ತಿದ್ದೆ. ಸೌಟು ಬಿಡದೆ, "ಇಲ್ಲೇ ಇರ್ಲಿ ಬಿಡಿ" ಎಂದೆ. ಎಲ್ಲ ಗೊತ್ತಿದ್ದವಳು ನಾನು! ಕಳಿಸಿ ಎಂದರೆ ಯಾಕೆಂದು ಕೇಳುತ್ತಿದ್ದರು, ಯಾಕೆಂದು ಹೇಳಬೇಕಾಗುತ್ತಿತ್ತು. ಬಸ್ಸು ಹೊರಟುಹೋಯಿತು. ಅದರ ಸದ್ದು ದೂರವಾಗುವವರೆಗೂ ಸಾರು ತಿರುವುತ್ತಲೇ ಇದ್ದೆ.

ಮಧ್ಯಾಹ್ನ ಏರಿ ಕಾಯುವುದು ನಮ್ಮ ಸರದಿ. ನಾಲ್ಕು ಗಂಟೆಗೆ ನೀರು ಎಲ್ಲಕ್ಕಿಂತ ಎತ್ತರ ಮುಟ್ಟುತ್ತದೆ ಎಂದು ಮೈಕಿನಲ್ಲಿ ಹೇಳಿದ್ದರು. ಏರಿಯ ಮೇಲೆ ಲಿಯಾವ್, ಕೈಯಲ್ಲಿ ಎಚ್ಚರಿಕೆಯ ಜಾಗಟೆ. ಕೆಳಗೆ ಬುಡದಲ್ಲಿ ಶಿಲಾನ್ ಅಕ್ಕ ಬರಿಗಾಲಲ್ಲಿ, ಅವಳ ಮಗ್ಗುಲಿಗೆ ಗದ್ದೆಯ ಅಂಚಿನಲ್ಲಿ ನಾನು ರಬ್ಬರ್ ಬೂಟು ಹಾಕಿಕೊಂಡು. ನಮ್ಮ ಪಾಲಿಗೆ ಬಂದದ್ದು ಆರುನೂರು ಹೆಜ್ಜೆಯ ಉದ್ದ. ಹಳೆಯ ಕೊಳದ ತಿರುವು ಅದರಲ್ಲೇ ಇತ್ತು. ಅದರ ಕೆಳಗೆ ನೂರು ಮಾರು ದೂರದಲ್ಲಿ ನನ್ನ ಮನೆ.

ಒಂದು ಸುತ್ತು, ಎರಡು ಸುತ್ತು, ನಾಲ್ಕು ಸುತ್ತು. ಪ್ರತಿ ಸಲವೂ ಅವಳು ತಲೆಯೆತ್ತಿ, "ಬೆಚ್ಚಗೈತೆ!" ಎಂದು ಕೂಗುತ್ತಿದ್ದಳು. ಮೇಲಿನಿಂದ ಲಿಯಾವ್, "ಸರಿ ಅಕ್ಕಾ!" ಎನ್ನುತ್ತಿದ್ದ. ಅವರಿಬ್ಬರ ಕೂಗು ಕೇಳಿದಾಗಲೆಲ್ಲ ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಏರಿಯ ಆಚೆ ನದಿ ಉಜ್ಜುವ ಸದ್ದು ನಮ್ಮ ತಲೆಯ ಮೇಲಿನಿಂದ ಬರುತ್ತಿತ್ತು. ಐದನೆಯ ಸುತ್ತಿಗೆ ನನ್ನಿಂದ ಆಗಲಿಲ್ಲ. ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡೆ.

"ಏನೇ, ಮದುವೆ ಹೆಣ್ಣಿನಂಗೆ ಕಾಲು ತೋರಿಸ್ಕೊಂಡು ಹೊರಟೆ?" ಎಂದಳು.

"ಬೂಟಿಗೆ ನೀರು ನುಗ್ತು."

ಅವಳು ಮುಂದೆ ನಡೆದಳು. ನಾನು ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಡೆದೆ. ಕೊಳದ ತಿರುವು ಬಂತು. ಅಲ್ಲಿಂದ ನನ್ನ ಮನೆಯ ಸೂರು ಕಾಣುತ್ತಿತ್ತು, ಸೂರಿನ ಕೆಳಗೆ ಸಾಲಾಗಿ ಒಣಹಾಕಿದ ಮಗುವಿನ ಬಟ್ಟೆ. ನನ್ನ ಕಾಲು ಮುಂದೆ ಹೋಗಲಿಲ್ಲ.

"ಅಕ್ಕಾ, ಇಲ್ಲಿ ತಣ್ಣಗೈತೆ."

"ಬೆಟ್ಟದೋಳಿಗೆ ಬಿಸಿ ಟೀನೂ ತಣ್ಣಗೇ" ಎಂದಳು. ಆದರೂ ಹಿಂದಕ್ಕೆ ಬಂದಳು, ನಾನು ನಿಂತ ಜಾಗದಲ್ಲಿ ನಿಂತಳು. "ಬೆ..." ಎಂದವಳು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಬಗ್ಗಿ ಕೈಯಾಡಿಸಿದಳು. ಆ ವರ್ಷ ಬೆರಳುಗಳೂ ಮರಗಟ್ಟಿದ್ದವು ಎಂದು ನನಗೆ ಆಮೇಲೆ ಗೊತ್ತಾಯಿತು. ಅವಳು ಮಂಡಿಯೂರಿ, ಹುಲ್ಲಿನ ನೀರಿಗೆ ತನ್ನ ಕೆನ್ನೆ ಇಟ್ಟಳು.

"ಏನ್ ಶಿಲಾನಕ್ಕ, ನಿದ್ದೆ ಬಂತಾ?" ಎಂದು ನಗುತ್ತ ಲಿಯಾವ್ ಇಳಿಜಾರಿನಲ್ಲಿ ಇಳಿದು ಬಂದ.

ಅವಳು ತಲೆಯೆತ್ತಿದಳು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. "ಜಾಗಟೆ ಹೊಡಿ" ಎಂದಳು. ಅವನು ಇನ್ನೂ ನಗುತ್ತಿದ್ದ. "ಜಾಗಟೆ ಹೊಡಿಯೋ! ನದಿ ನೀರು!"

ಹುಲ್ಲು ಕೊಯ್ದು ನೋಡಿದರೆ ಬಟ್ಟಲಗಲದ ಊಟೆ. ಗಂಜಿ ಕುದಿಯುವ ಹಾಗೆ ಮರಳು ಮೇಲೆದ್ದು ಬೀಳುತ್ತಿತ್ತು. ನೀರು ತಿಳಿಯಾಗಿದ್ದರೆ ಹೇಗೋ ತಾಳಿಕೊಳ್ಳಬಹುದು. ಇದು ಕದಡಿತ್ತು. ಕದಡಿದೆ ಎಂದರೆ ಹೋಗುತ್ತಿರುವುದು ಏರಿಯ ಹೊಟ್ಟೆಯ ಮಣ್ಣು. ಜನ ಮರಳು ಚೀಲ ಹೊತ್ತು ಓಡಿ ಬಂದರು, ಅವರಲ್ಲಿ ನನ್ನ ಮಗನೂ ಇದ್ದ. ಇಬ್ಬರು ರಜಾಯಿ, ಜೇಡಿಮಣ್ಣು ತಂದು ತೂತಿಗೆ ತುರುಕಲು ಹೊರಟರು. ಶಿಲಾನ್ ಅಕ್ಕ ಅವರ ಮೇಲೆ ಬಿದ್ದಳು. "ಮುಚ್ಚಬೇಡ್ರೋ! ಮುಚ್ಚಿದ್ರೆ ಮಗ್ಗುಲಲ್ಲಿ ಕಿತ್ಕೊಂಡು ಬರುತ್ತೆ! ನೀರು ಹೋಗ್ಲಿ, ಮಣ್ಣು ಹೋಗಬಾರ್ದು. ಸುತ್ತ ಚೀಲ ಪೇರಿಸಿ, ಒಳಗೆ ಜಲ್ಲಿ ಸುರೀರಿ!"

ನಾನು ಅಲ್ಲಿ ನಿಲ್ಲಲಿಲ್ಲ. ಓಡಿದೆ. ಗದ್ದೆ ಬದುವಿನ ಮೇಲೆ ಎರಡು ಸಲ ಬಿದ್ದೆ. ಒಳಗೆ ನುಗ್ಗಿ, ಮಲಗಿದ್ದ ಸೊಸೆಯನ್ನು ಎಬ್ಬಿಸಿ, ಕೂಸನ್ನು ನನ್ನ ಅಂಗಿಯೊಳಗೆ ಸೇರಿಸಿಕೊಂಡೆ. ಅವಳು ಹೆದರಿ, "ಅತ್ತೆ, ಬೆಚ್ಚಗೈತೆ ಅಂದ್ರಲ್ಲ? ನೀವೇ ಅಂದ್ರಲ್ಲ?" ಎಂದಳು. ನಾನು ಅವಳ ತಲೆಗೆ ಬಟ್ಟೆ ಕಟ್ಟಿದೆ. ನನ್ನ ಗಂಡ ಅವಳಿಗೆ ರಜಾಯಿ ಸುತ್ತಿ, ಎತ್ತಿಕೊಂಡು, ಸುರಿಯುವ ಮಳೆಯಲ್ಲಿ ಎತ್ತರದ ರಸ್ತೆಗೆ ನಡೆದ. ಅವರಿಗೊಂದು ವ್ಯಾನು ಸಿಕ್ಕ ಮೇಲೆ ಕೂಸನ್ನು ಸೊಸೆಯ ಕೈಗೆ ಕೊಟ್ಟು ನಾನು ತಿರುಗಿ ಬಂದೆ. ಅಷ್ಟು ಹೊತ್ತಿಗೆ ಸಂಜೆ ಆರು. ಜಲ್ಲಿಯ ನಡುವಿನಿಂದ ತಿಳಿನೀರು ಬರುತ್ತಿತ್ತು. ಏರಿ ನಿಂತಿತ್ತು.

ಸುಮಾರು ಇನ್ನೂರು ಜನ ಕೆಸರಲ್ಲಿ ಕೂತಿದ್ದರು. ಲಿಯಾವ್ ಶಿಲಾನ್ ಅಕ್ಕನ ಎದುರು ಬಂದು ನಿಂತ.

"ನಾಲ್ಕು ಸುತ್ತು ಇದರ ಮೇಲೇ ನಡೆದ್ರಿ. ಯಾಕೆ ಗೊತ್ತಾಗ್ಲಿಲ್ಲ?"

"ನನ್ನ ಕಾಲು ಸತ್ತೋಗೈತೆ."

"ಯಾವಾಗಿಂದ?"

"ಮೂರು ವರ್ಷ."

ಮೂರು ವರ್ಷದಿಂದ ತಾವು ಏನನ್ನು ನಂಬಿ ಮಲಗಿದ್ದೆವು ಎಂದು ಒಬ್ಬೊಬ್ಬರಿಗೂ ಅರ್ಥವಾಗುತ್ತಿತ್ತು. ಲಿಯಾವ್ ನನ್ನ ಕಡೆ ತಿರುಗಿದ. "ನೀವು ದಿನಾ ಜೊತೇಲಿರೋರು. ನಿಮಗೆ ಗೊತ್ತಿತ್ತಾ?"

"ಇಲ್ಲ" ಎಂದೆ.

ಶಿಲಾನ್ ಅಕ್ಕ ನನ್ನನ್ನು ನೋಡಿದಳು. ನೋಡಿ, ಮುಖ ತಿರುಗಿಸಿ ಹೇಳಿದಳು: "ಅವಳಿಗೇನು ಗೊತ್ತು, ಬೆಟ್ಟದೋಳು. ಆದ್ರೂ ಇವತ್ತು ಹಿಡಿದೋಳು ಅವಳೇ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಶಿಲಾನ್ ಅಕ್ಕನ ಬಾಗಿಲಿಗೆ ಯಾರೋ ಕೆಸರು ಎರಚಿದರು. ನೀರು ಸೇದಲು ಬಂದ ಹೆಂಗಸರು ಅವಳನ್ನು ಕಂಡು ಉಗಿದರು. ನನ್ನ ಮನೆಗೆ ಮಾತ್ರ ಬಾತುಮೊಟ್ಟೆ ತಂದು ಕೊಟ್ಟರು! "ಸೂಪಿಂಗ್ ಕಾಲು ಇರೋದ್ರಿಂದ ಬದುಕಿದ್ವಿ" ಎಂದರು. ಮೂರನೆಯ ದಿನ ಮೇಲುಸೀಮೆಯಲ್ಲಿ ಮತ್ತೆ ಮಳೆ ಹೊಯ್ದ ಸುದ್ದಿ ಬಂತು. ಎರಡನೆಯ ನೀರು ಬರುತ್ತಿದೆ, ಮೊದಲಿನದಕ್ಕಿಂತ ಎತ್ತರ, ಎಲ್ಲರೂ ಊರು ಬಿಡಿ ಎಂದು ಮೈಕಿನಲ್ಲಿ ಬೆಳಿಗ್ಗೆಯಿಂದ ಕೂಗುತ್ತಿದ್ದರು. ಬಸ್ಸುಗಳು ಸಾಲಾಗಿ ನಿಂತಿದ್ದವು. ಮುಕ್ಕಾಲು ಪಾಲು ಜನ ಹತ್ತಲಿಲ್ಲ. ಹಂದಿ ಯಾರು ನೋಡಿಕೊಳ್ಳುತ್ತಾರೆ, ಕೊಳದ ಮೀನು ಏನಾಗಬೇಕು? ಸೂಪಿಂಗ್ ಏರಿ ಸುತ್ತಿ ಬರಲಿ, ಅವಳು ತಣ್ಣಗಿದೆ ಎಂದರೆ ಹೊರಡೋಣ ಎಂದರು.

ನಾನು ಮೊಟ್ಟೆಯ ಬುಟ್ಟಿ ಎತ್ತಿಕೊಂಡು ಶಿಲಾನ್ ಅಕ್ಕನ ಮನೆಗೆ ಹೋದೆ. ಅವಳು ಒಬ್ಬಳೇ ಕೂತು ಹುದುಗಿಸಿದ ಕಾಳು ಕಲಸಿಕೊಂಡು ಅನ್ನ ತಿನ್ನುತ್ತಿದ್ದಳು.

"ಬಂದ್ಯಾ, ಊರ ಕಾಲು?" ಎಂದಳು. ಆಮೇಲೆ, "ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಆ ಜಾಗದಲ್ಲಿ ನಿಂಗೆ ಹೆಂಗೆ ಗೊತ್ತಾಯ್ತು?"

ನಾನು ಬುಟ್ಟಿಯನ್ನು ಅವಳ ಮುಂದೆ ಸರಿಸಿದೆ. "ಗೊತ್ತಾಗ್ಲಿಲ್ಲ ಅಕ್ಕಾ. ಬೂಟು ಬಿಚ್ಚಿದಾಗಿಂದ ನಂಗೆ ಎಲ್ಲಾ ಕಡೇನೂ ತಣ್ಣಗೇ ಇತ್ತು. ಮೈಯೆಲ್ಲಾ ತಣ್ಣಗಾಗಿತ್ತು. ಅಲ್ಲಿ ನಿಂತಾಗ ಮನೆ ಕಾಣ್ತು, ಮಗು ಬಟ್ಟೆ ಕಾಣ್ತು, ಅದಕ್ಕೇ ಬಾಯಿ ಬಿಟ್ಟೆ. ಹೆದರಿಕೆಗೆ ಅಂದಿದ್ದು."

ಅವಳು ಬಟ್ಟಲು ಕೆಳಗಿಟ್ಟಳು. "ಹಂಗಾದ್ರೆ ಈಗ ಹೊರಗೆ ಕೂತಿರೋ ಜನ... ನಿನ್ನ ನಂಬ್ಕೊಂಡು..." ಎಂದು ನನ್ನ ರಟ್ಟೆ ಹಿಡಿದಳು. "ಏಳು. ನಾನು ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ. ನಿಂದು ಮೂರು ದಿನ ಆಗೈತೆ. ಏಳೇ ಮುಂಡೇದೇ, ಏಳು!"

ನಾನು ಅಳುತ್ತ ಮಾನ ಹೋಗುತ್ತದೆ ಎಂದೆ, ನನ್ನ ಬಾಗಿಲಿಗೂ ಕೆಸರು ಬೀಳುತ್ತದೆ ಎಂದೆ. ಅವಳು ಕೇಳಲಿಲ್ಲ, ಕೈ ಬಿಡಲೂ ಇಲ್ಲ. ಇಬ್ಬರೂ ಕಚೇರಿಗೆ ಹೋದೆವು. ಲಿಯಾವ್ ಮೈಕಿನ ಮುಂದೆ ಕೂತು ಒಂದೇ ಮಾತನ್ನು ನೂರನೆಯ ಸಲ ಓದುತ್ತಿದ್ದ. ಶಿಲಾನ್ ಅಕ್ಕ ಅವನನ್ನು ಎಬ್ಬಿಸಿ ನನ್ನನ್ನು ಕೂರಿಸಿದಳು. ನಾನು ಹೇಳಿದೆ: "ನಾನು ಸೂಪಿಂಗ್. ಶಿಲಾನಕ್ಕನ ಕಾಲು ಹೋಗಿರೋದು ನಂಗೆ ಚಳಿಗಾಲದಿಂದ ಗೊತ್ತಿತ್ತು. ನಾನು ಹೇಳ್ಲಿಲ್ಲ. ನನ್ನ ಕಾಲಿಗೂ ಏನೂ ಗೊತ್ತಾಗಲ್ಲ. ಅವತ್ತು ಸುಮ್ನೆ ಹೆದರ್ಕೊಂಡು ಅಂದಿದ್ದು. ಈಗ ಈ ಊರಲ್ಲಿ ಯಾರ ಕಾಲಿಗೂ ಏನೂ ಗೊತ್ತಾಗಲ್ಲ. ಮಕ್ಕಳನ್ನ ಎತ್ಕೊಂಡು ಹೊರಡಿ."

ಮೈಕು ಆರಿಸುವ ಗುಂಡಿ ಯಾವುದೆಂದು ನನಗೆ ತಿಳಿಯಲಿಲ್ಲ. ಆಮೇಲೆ ನಾನು ಅತ್ತದ್ದೂ ಸಾವಿರದ ನೂರು ಮನೆಗೆ ಕೇಳಿತಂತೆ. ಜನ ಹೊರಟಿದ್ದು ನನ್ನ ಮಾತಿಗಲ್ಲ, ಆ ಅಳುವಿಗೆ ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಬಸ್ಸು ತುಂಬಿತು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಏರಿ ಒಡೆಯಿತು. ಕೊಳದ ತಿರುವಿನಲ್ಲಲ್ಲ, ಪಡುವಣ ಬದಿಯಲ್ಲಿ, ಯಾರೂ ಅನುಮಾನಪಡದ ಕಡೆ. ನಾವು ಪೇಟೆಯ ಶಾಲೆಯೊಂದರಲ್ಲಿ ಚಾಪೆ ಹಾಸಿಕೊಂಡಿದ್ದೆವು. ಸುದ್ದಿ ಬಂದಾಗ ಹೆಂಗಸರು ಎದೆ ಬಡಿದುಕೊಂಡರು. ಮನೆ, ಹಂದಿ, ಭತ್ತ ಎಲ್ಲ ಹೋಯಿತು. ಶಿಲಾನ್ ಅಕ್ಕ ಎದ್ದು ಲಿಯಾವ್ ಹತ್ತಿರ ಹೋದಳು. ಅವಳಿಗೆ ಯಾರೂ ದಾರಿ ಬಿಡಲಿಲ್ಲ, ಅವಳೇ ಜನರನ್ನು ಸರಿಸಿಕೊಂಡು ಹೋದಳು.

"ಪಟ್ಟಿ ಓದು" ಎಂದಳು.

ಲಿಯಾವ್ ಮನೆಮನೆಯ ಹೆಸರು ಹಿಡಿದು ಕೂಗಿದ. ಶಾಲೆಯ ಅಂಗಳದಿಂದ, ಕೋಣೆಗಳಿಂದ, ಮೆಟ್ಟಿಲುಗಳಿಂದ ಜನ ಇದ್ದೀವಿ, ಇದ್ದೀವಿ ಎಂದರು. ಬೇರೆ ಶಾಲೆಗಳಲ್ಲಿದ್ದವರನ್ನು ಫೋನಿನಲ್ಲಿ ಕೇಳಿ ಗುರುತು ಹಾಕಿಕೊಂಡ. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಕೂರಲಿಲ್ಲ, ಬೆರಳು ಮಡಚಿ ಮಡಚಿ ಎಣಿಸುತ್ತ ನಿಂತೇ ಇದ್ದಳು. ನನ್ನ ಸೊಸೆಯ ಹೆಸರು, ಹದಿಮೂರು ದಿನದ ಕೂಸು, ಕೊನೆಗೆ ಅವಳದೇ ಹೆಸರು. ಪಟ್ಟಿ ಮುಗಿಯಿತು.

"ಎಲ್ರೂ ಅವ್ರೆ. ಒಬ್ರೂ ಕಮ್ಮಿ ಇಲ್ಲ" ಎಂದ ಲಿಯಾವ್.

"ಮಕ್ಕಳೂ?"

"ಮಕ್ಕಳೂ ಅವ್ರೆ ಅಕ್ಕಾ."

ಶಿಲಾನ್ ಅಕ್ಕ ನಂಬಲಿಲ್ಲ. "ಇನ್ನೊಂದು ಸಲ ಓದು" ಎಂದಳು.

ಅವನು ಕಾಗದ ತಿರುವಿ ಮತ್ತೆ ಮೊದಲ ಮನೆಯ ಹೆಸರು ಕೂಗಿದ.